ಹೊರಡುವ ಹಕ್ಕಿಗಳ ಕಾಲ: ಹುಬ್ಬಳ್ಳಿ-ಧಾರವಾಡದ ಉದ್ಯಾನಗಳಲ್ಲಿ ವಸಂತದ ಹಕ್ಕಿ ವೀಕ್ಷಣೆ

ಶಿವರಾತ್ರಿ ಹತ್ತಿರವಾಗುತ್ತಿದ್ದಂತೆ ಓದುಗರು ಕೇಳುವ ಪ್ರಶ್ನೆ ಪ್ರತಿ ವರ್ಷವೂ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: ವಲಸೆ ಹಕ್ಕಿಗಳನ್ನು ನೋಡಬೇಕೆಂಬ ಆಸೆಯಿದೆ, ಆದರೆ ದೂರದ ಪಕ್ಷಿಧಾಮಗಳಿಗೆ ಹೋಗಲು ಬಿಡುವಿಲ್ಲ, ಮನೆಯ ಹತ್ತಿರದ ಉದ್ಯಾನದಲ್ಲಿ ಏನಾದರೂ ಕಾಣಸಿಗುವುದೇ? ಕಾಣಸಿಗುತ್ತದೆ. ಆದರೆ ಅದಕ್ಕೂ ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಿಕೊಳ್ಳಬೇಕು. ಯುರೋಪು, ಅಮೆರಿಕಗಳಲ್ಲಿ ಬರೆದ ಮಾರ್ಗದರ್ಶಿಗಳಲ್ಲಿ ವಸಂತವೆಂದರೆ ವಲಸೆ ಹಕ್ಕಿಗಳು ಬಂದಿಳಿಯುವ ಕಾಲ. ನಮ್ಮಲ್ಲಿ ಅದು ತಿರುಗುಮುರುಗು. ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಬಂದು ಚಳಿಗಾಲ ಕಳೆದ ಹಕ್ಕಿಗಳು ಫೆಬ್ರುವರಿಯಿಂದ ಮೇ ಮೊದಲ ವಾರದವರೆಗೆ ಒಂದೊಂದಾಗಿ ಉತ್ತರಕ್ಕೆ ಹೊರಡುತ್ತವೆ. ಬರುವ ಹಕ್ಕಿ ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಹೋಗುವ ಹಕ್ಕಿ ಹಾಗಲ್ಲ, ಅದು ಹೋದದ್ದು ತಿಳಿಯಬೇಕಾದರೆ ಅದು ಇದ್ದಾಗಲೇ ಗುರುತು ಹಾಕಿಕೊಂಡಿರಬೇಕು. ಆದ್ದರಿಂದ ಇಲ್ಲಿ ಹೇಳಿರುವ ಕ್ರಮವು ಅಪರೂಪದ ಹಕ್ಕಿಯನ್ನು ಹುಡುಕಿಕೊಂಡು ಹೋಗುವ ಕ್ರಮವಲ್ಲ, ಒಂದೇ ಜಾಗವನ್ನು ಮೂರು ತಿಂಗಳು ಬಿಡದೆ ನೋಡುವ ಕ್ರಮ.

ಅವಳಿ ನಗರದವರಿಗೆ ಒಂದು ಅನುಕೂಲವೂ ಇದೆ. ಪಶ್ಚಿಮಕ್ಕೆ ಕಲಘಟಗಿ, ಹಳಿಯಾಳದ ಕಡೆ ಮಲೆನಾಡಿನ ಸೆರಗು ಆರಂಭವಾಗುತ್ತದೆ. ಪೂರ್ವಕ್ಕೆ ನವಲಗುಂದ, ಗದಗಿನ ಕಡೆ ಎರೆ ಭೂಮಿಯ ಬಯಲು ಹರಡಿದೆ. ಹೀಗಾಗಿ ಗಿಡಮರಗಳ ದಟ್ಟಣೆಯನ್ನು ಬಯಸುವ ಹಕ್ಕಿಗಳೂ ಬಯಲುಸೀಮೆಯ ಹಕ್ಕಿಗಳೂ ಒಂದೇ ಊರಿನ ಆಸುಪಾಸಿನಲ್ಲಿ ಸಿಗುತ್ತವೆ.

ಬೇಕಾಗುವ ಸಾಮಗ್ರಿ

ಒಂದು ದುರ್ಬೀನು, ಒಂದು ಕಿರುಹೊತ್ತಿಗೆ, ಒಂದು ಪೆನ್ಸಿಲ್, ಕುಡಿಯುವ ನೀರು, ಟೊಪ್ಪಿಗೆ ಇಷ್ಟಿದ್ದರೆ ಸಾಕು. ಉಡುಪು ಮಣ್ಣಿನ ಅಥವಾ ಎಲೆಯ ಬಣ್ಣದ್ದಾಗಿರಲಿ. ಕ್ಯಾಮೆರಾ ಅನಿವಾರ್ಯವಲ್ಲ, ಆರಂಭದಲ್ಲಿ ಅದು ಅಡ್ಡಿಯೇ ಆಗುತ್ತದೆ ಎಂಬುದು ನನ್ನ ಅಭಿಪ್ರಾಯ. ಚಿತ್ರ ತೆಗೆಯುವ ಆತುರದಲ್ಲಿ ಹಕ್ಕಿಯ ನಡವಳಿಕೆಯನ್ನು ಗಮನಿಸುವುದು ಬಿಟ್ಟುಹೋಗುತ್ತದೆ.

ದುರ್ಬೀನಿನ ಮೇಲೆ 8×42 ಎಂಬಂತಹ ಅಂಕಿಗಳಿರುತ್ತವೆ. ಮೊದಲನೆಯದು ದೃಶ್ಯ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದನ್ನೂ ಎರಡನೆಯದು ಮುಂದಿನ ಮಸೂರದ ವ್ಯಾಸ ಎಷ್ಟು ಮಿಲಿಮೀಟರ್ ಎಂಬುದನ್ನೂ ಹೇಳುತ್ತದೆ. ಮಸೂರ ಅಗಲವಾದಷ್ಟೂ ಮುಂಜಾವಿನ ಮಂದ ಬೆಳಕಿನಲ್ಲಿ ದೃಶ್ಯ ಸ್ಪಷ್ಟವಾಗಿರುತ್ತದೆ. ಹೊಸಬರಿಗೆ 8×42 ಅಥವಾ 8×40 ಸೂಕ್ತ. ಹತ್ತು ಪಟ್ಟಿನದರಲ್ಲಿ ಕೈಯ ಅದುರುವಿಕೆಯೂ ಹತ್ತು ಪಟ್ಟು ಹೆಚ್ಚಿ ಕಾಣುವುದರಿಂದ ಎಲೆಗಳ ನಡುವೆ ಓಡಾಡುವ ಚಿಕ್ಕ ಹಕ್ಕಿಯನ್ನು ಹಿಡಿದು ನೋಡುವುದು ಕಷ್ಟ. ಐವತ್ತು ಪಟ್ಟು, ನೂರು ಪಟ್ಟು ಎಂದು ಹೇಳಿ ಮಾರುವ ಅಗ್ಗದ ದುರ್ಬೀನುಗಳನ್ನು ಕೊಳ್ಳಲೇಬೇಡಿ.

ಕೊಂಡ ಮೇಲೆ ಅದನ್ನು ನಿಮ್ಮ ಕಣ್ಣಿಗೆ ಹೊಂದಿಸಿಕೊಳ್ಳಬೇಕು. ಇದನ್ನು ಮಾಡದೆ ದುರ್ಬೀನನ್ನೇ ದೂರುವವರು ಬಹಳ. ಮೊದಲು ಎರಡು ನಳಿಗೆಗಳನ್ನು ಮಡಚಿ ಅಗಲಿಸಿ ಒಂದೇ ವೃತ್ತ ಕಾಣುವಂತೆ ಮಾಡಿ. ಬಲಗಡೆಯ ಮುಂದಿನ ಮಸೂರವನ್ನು ಅಂಗೈಯಿಂದ ಮುಚ್ಚಿ, ದೂರದ ಒಂದು ನಾಮಫಲಕವನ್ನು ಎಡಗಣ್ಣಿನಿಂದ ನೋಡುತ್ತ ನಡುವಿನ ಚಕ್ರವನ್ನು ತಿರುಗಿಸಿ ಅಕ್ಷರಗಳು ಸ್ಫುಟವಾಗುವಂತೆ ಮಾಡಿ. ಅನಂತರ ಎಡ ಮಸೂರವನ್ನು ಮುಚ್ಚಿ, ಅದೇ ಫಲಕವನ್ನು ಬಲಗಣ್ಣಿನಿಂದ ನೋಡುತ್ತ, ನಡುವಿನ ಚಕ್ರವನ್ನು ಮುಟ್ಟದೆ, ಬಲಗಣ್ಣಿನ ಬಳಿಯಿರುವ ಚಿಕ್ಕ ಬಳೆಯನ್ನು ಮಾತ್ರ ತಿರುಗಿಸಿ. ಎರಡು ಕಣ್ಣುಗಳ ದೃಷ್ಟಿಯಲ್ಲಿರುವ ವ್ಯತ್ಯಾಸವನ್ನು ಸರಿದೂಗಿಸುವ ಈ ಬಳೆಯನ್ನು ಡಯಾಪ್ಟರ್ ಎನ್ನುತ್ತಾರೆ. ಕನ್ನಡಕ ಧರಿಸುವವರು ಕಣ್ಣಿನ ಬಳಿಯ ರಬ್ಬರ್ ಬಟ್ಟಲುಗಳನ್ನು ಒಳಕ್ಕೆ ಮಡಚಿಕೊಳ್ಳಬೇಕು, ಉಳಿದವರು ಹೊರಕ್ಕೆ ಎಳೆದುಕೊಳ್ಳಬೇಕು. ದುರ್ಬೀನಿನಿಂದ ಸೂರ್ಯನ ಕಡೆಗೆ ಕ್ಷಣಕಾಲವೂ ನೋಡಬಾರದು. ಕಣ್ಣಿಗೆ ಶಾಶ್ವತ ಹಾನಿಯಾಗುತ್ತದೆ. ಮಕ್ಕಳ ಕೈಗೆ ಕೊಡುವಾಗ ಇದನ್ನು ಮೊದಲು ಹೇಳಿ.

1. ಜಾಗವನ್ನು ಆರಿಸಿಕೊಳ್ಳುವುದು

ಚೆನ್ನಾಗಿ ಗುಡಿಸಿ, ಹುಲ್ಲು ಕತ್ತರಿಸಿ, ಬಣ್ಣದ ದೀಪ ಹಾಕಿದ ಉದ್ಯಾನ ಕಣ್ಣಿಗೆ ಚಂದ, ಹಕ್ಕಿಗೆ ಬರಡು. ನೀವು ನೋಡಬೇಕಾದ ಲಕ್ಷಣಗಳು ಬೇರೆ: ಸಮೀಪದಲ್ಲಿ ನೀರು, ಹಣ್ಣು ಬಿಡುವ ಒಂದು ಆಲ, ಅರಳಿ ಅಥವಾ ಅತ್ತಿಯ ಮರ, ಪೊದೆಗಳು ಬೆಳೆದ ಒಂದು ಮೂಲೆ, ತರಗೆಲೆ ಗುಡಿಸದೆ ಬಿಟ್ಟ ಒಂದಿಷ್ಟು ನೆಲ. ಈ ನಾಲ್ಕರಲ್ಲಿ ಮೂರು ಇದ್ದರೂ ಆ ಜಾಗವನ್ನು ಗಟ್ಟಿ ಮಾಡಿಕೊಳ್ಳಬಹುದು.

ಹುಬ್ಬಳ್ಳಿಯಲ್ಲಿ ಉಣಕಲ್ ಕೆರೆಯ ದಂಡೆ ಮತ್ತು ಅದರ ಉದ್ಯಾನ, ತೋಳನಕೆರೆ, ನೃಪತುಂಗ ಬೆಟ್ಟ. ಧಾರವಾಡದಲ್ಲಿ ಸಾಧನಕೇರಿ, ಕೆಲಗೇರಿ ಕೆರೆ, ಕರ್ನಾಟಕ ವಿಶ್ವವಿದ್ಯಾಲಯ ಹಾಗೂ ಕೃಷಿ ವಿಶ್ವವಿದ್ಯಾಲಯದ ಆವರಣಗಳು ಈ ಕೆಲಸಕ್ಕೆ ಒದಗುತ್ತವೆ. ಉಣಕಲ್ ಕೆರೆ ಹುಬ್ಬಳ್ಳಿ-ಧಾರವಾಡ ರಸ್ತೆಗೆ ಹತ್ತಿಕೊಂಡೇ ಇರುವುದರಿಂದ ಚಿಗರಿ ಬಸ್ಸಿನಲ್ಲಿ ಹೋಗಿಬರಬಹುದು. ಗದಗಿನವರು ಭೀಷ್ಮ ಕೆರೆಯನ್ನೂ ಹಾವೇರಿಯವರು ಹೆಗ್ಗೇರಿ ಕೆರೆಯನ್ನೂ ಆರಿಸಿಕೊಳ್ಳಬಹುದು. ವಿಶ್ವವಿದ್ಯಾಲಯದ ಆವರಣಗಳಲ್ಲಿ ಕಾವಲುಗಾರರಿಗೆ ಬಂದ ಉದ್ದೇಶವನ್ನು ಹೇಳಿ, ಅಗತ್ಯವಿದ್ದರೆ ಅನುಮತಿ ಪಡೆದು ಒಳಹೋಗಿ. ದುರ್ಬೀನು ಹಿಡಿದು ವಸತಿಗೃಹಗಳ ಕಡೆ ನಿಂತವರನ್ನು ಜನ ಅನುಮಾನಿಸಿದರೆ ಅದು ಅವರ ತಪ್ಪಲ್ಲ.

ಇಲ್ಲಿ ಸಾಮಾನ್ಯವಾಗಿ ಆಗುವ ಎಡವಟ್ಟು ಎಂದರೆ ಒಂದು ವಾರ ಉಣಕಲ್, ಮರುವಾರ ಕೆಲಗೇರಿ, ಅದರ ಮರುವಾರ ಮತ್ತೊಂದು ಕಡೆ ಸುತ್ತಾಡುವುದು. ಹಾಗೆ ಮಾಡಿದರೆ ಹಕ್ಕಿಗಳ ಪಟ್ಟಿ ಉದ್ದವಾಗುತ್ತದೆ, ಆದರೆ ಯಾವುದು ಯಾವಾಗ ಹೊರಟಿತು ಎಂಬುದು ಎಂದಿಗೂ ತಿಳಿಯುವುದಿಲ್ಲ.

2. ವೇಳೆಯನ್ನು ನಿಗದಿ ಮಾಡಿಕೊಳ್ಳುವುದು

ವಾರಕ್ಕೊಂದು ಬೆಳಗು, ಅದೇ ದಾರಿ, ಅಷ್ಟೇ ಹೊತ್ತು. ಧಾರವಾಡದಲ್ಲಿ ಫೆಬ್ರುವರಿ ಮಧ್ಯದಲ್ಲಿ ಸೂರ್ಯೋದಯ ಸುಮಾರು 6:55ಕ್ಕೆ, ಏಪ್ರಿಲ್ ಮಧ್ಯದಲ್ಲಿ ಸುಮಾರು 6:15ಕ್ಕೆ ಆಗುತ್ತದೆ. ಆದ್ದರಿಂದ ಗಡಿಯಾರವನ್ನಲ್ಲ, ಸೂರ್ಯೋದಯವನ್ನು ಲೆಕ್ಕಕ್ಕಿಟ್ಟುಕೊಂಡು ಅದರ ನಂತರದ ಒಂದೂವರೆ ಗಂಟೆಯನ್ನು ಮೀಸಲಿಡಿ. ಏಪ್ರಿಲ್‌ನಲ್ಲಿ ಒಂಬತ್ತು ಗಂಟೆಯ ಬಿಸಿಲಿಗೇ ಹಕ್ಕಿಗಳು ನೆರಳು ಹಿಡಿದು ಸುಮ್ಮನಾಗುತ್ತವೆ. ಅಶ್ವಿನಿ, ಭರಣಿ ಮಳೆಗಳ ಹೊತ್ತಿಗೆ ಸಂಜೆ ಗುಡುಗಿ ಅಡ್ಡಮಳೆ ಬಿದ್ದರೆ ಮರುದಿನದ ಬೆಳಗನ್ನು ತಪ್ಪಿಸಬೇಡಿ. ಹುಳುಹುಪ್ಪಟೆಗಳು ಎದ್ದಿರುತ್ತವೆ, ಅವುಗಳ ಬೆನ್ನಿಗೆ ಹಕ್ಕಿಗಳೂ ಇರುತ್ತವೆ. ಹುಬ್ಬಳ್ಳಿಯವರು ರಂಗಪಂಚಮಿಯ ದಿನವನ್ನು ಮಾತ್ರ ಬಿಟ್ಟುಬಿಡುವುದು ಲೇಸು.

3. ನಡೆಯುವ ಮತ್ತು ನೋಡುವ ಕ್ರಮ

ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು ನಡೆಯುವಂತೆ ದಾರಿಯನ್ನು ಗೊತ್ತುಮಾಡಿಕೊಳ್ಳಿ. ಎದುರು ಬಿಸಿಲಿನಲ್ಲಿ ಎಲ್ಲ ಹಕ್ಕಿಗಳೂ ಕಪ್ಪಾಗಿಯೇ ಕಾಣುತ್ತವೆ. ನೂರು ಹೆಜ್ಜೆ ನಡೆದು ಐದು ನಿಮಿಷ ನಿಲ್ಲಿ. ನಿಂತಲ್ಲಿ ಮೊದಲು ಕಿವಿ, ಆಮೇಲೆ ಬರಿಗಣ್ಣು, ಕೊನೆಗೆ ದುರ್ಬೀನು. ಅಲುಗಾಟ ಕಂಡ ಕೂಡಲೇ ಆ ಜಾಗದಿಂದ ಕಣ್ಣು ಕೀಳದೆ ದುರ್ಬೀನನ್ನು ಕಣ್ಣಿಗೆ ಏರಿಸಿಕೊಳ್ಳಬೇಕು. ದುರ್ಬೀನು ಏರಿಸಿ ಆಮೇಲೆ ಹುಡುಕಲು ಹೊರಟರೆ ಎಲೆಗಳಷ್ಟೇ ಸಿಗುತ್ತವೆ.

ಹಕ್ಕಿ ಕಂಡಾಗ ಬಣ್ಣವನ್ನು ಕೊನೆಗೆ ಬರೆದುಕೊಳ್ಳಿ. ಗಾತ್ರ ಗುಬ್ಬಿಯಷ್ಟೋ, ಗೊರವಂಕದಷ್ಟೋ, ಕಾಗೆಯಷ್ಟೋ. ಕೊಕ್ಕು ಸಣ್ಣಗೆ ಚೂಪೋ, ದಪ್ಪವೋ, ತುದಿ ಬಾಗಿದೆಯೋ. ಬಾಲವನ್ನು ಕುಣಿಸುತ್ತದೆಯೋ, ಎತ್ತಿ ಹಿಡಿಯುತ್ತದೆಯೋ. ಮರದ ನೆತ್ತಿಯಲ್ಲಿದೆಯೋ, ಪೊದೆಯ ಒಳಗಿದೆಯೋ ಎಂಬ ನಾಲ್ಕು ಸಂಗತಿಗಳು ತಿಳಿದರೆ ಬಣ್ಣ ಸರಿಯಾಗಿ ಕಾಣದಿದ್ದರೂ ಹಕ್ಕಿಯ ಗುಂಪು ಗೊತ್ತಾಗುತ್ತದೆ.

ವಸಂತದಲ್ಲಿ ದೊಡ್ಡ ಮರಗಳಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಮರದ ಕೆಳಗೆ ನಿಲ್ಲುವ ಮುನ್ನ ಕೊಂಬೆಗಳನ್ನು ಒಮ್ಮೆ ನೋಡಿಕೊಳ್ಳಿ.

4. ಮೊದಲು ಊರ ಹಕ್ಕಿ, ಆಮೇಲೆ ವಲಸೆ ಹಕ್ಕಿ

ಈ ಹಂತವನ್ನು ದಾಟಿ ಮುಂದೆ ಹೋಗಲು ಹೆಚ್ಚಿನವರು ಆತುರಪಡುತ್ತಾರೆ. ಮೊದಲ ಎರಡು ವಾರ ವಲಸೆ ಹಕ್ಕಿಗಳ ಗೊಡವೆ ಬೇಡ. ಪಿಕಳಾರ, ಗೊರವಂಕ, ಹರಟೆಮಲ್ಲ, ಮಡಿವಾಳ, ಟುವ್ವಿ, ಸೂರಕ್ಕಿ, ಕಾಜಾಣ, ಮಿಂಚುಳ್ಳಿ, ಕಳ್ಳಿಪೀರ, ಕೆರೆಯಿದ್ದರೆ ನೀರುಕಾಗೆ ಮತ್ತು ನಾಮದ ಕೋಳಿ ಇವುಗಳನ್ನು ನೋಟದಿಂದಲೂ ದನಿಯಿಂದಲೂ ಗುರುತಿಸಲು ಕಲಿಯಿರಿ. ವರ್ಷವಿಡೀ ಇಲ್ಲಿಯೇ ಇರುವ ಇಂತಹ ಹಕ್ಕಿಗಳನ್ನು ಸ್ಥಾಯಿ ಹಕ್ಕಿಗಳೆನ್ನುತ್ತಾರೆ. ಇವು ಗೊತ್ತಿದ್ದರೆ, ಇವುಗಳಲ್ಲಿ ಯಾವುದೂ ಅಲ್ಲದ್ದು ಕಂಡಾಗ ಮನಸ್ಸು ತಾನಾಗಿಯೇ ಎಚ್ಚರಗೊಳ್ಳುತ್ತದೆ.

ಯುಗಾದಿಯ ಸುಮಾರಿಗೆ ಕೋಗಿಲೆ ಕೂಗಲಾರಂಭಿಸಿದಾಗ ಅದು ವಲಸೆ ಬಂದಿದೆ ಎಂದು ಬರೆದುಕೊಳ್ಳುವವರಿದ್ದಾರೆ. ಕೋಗಿಲೆ ಎಲ್ಲಿಂದಲೂ ಬಂದದ್ದಲ್ಲ. ಚಳಿಗಾಲದಲ್ಲಿ ಬಹುಮಟ್ಟಿಗೆ ಮೌನವಾಗಿದ್ದು, ಸಂತಾನದ ಕಾಲ ಬಂದಾಗ ಗಂಡು ದನಿ ತೆಗೆಯುತ್ತದೆ. ದನಿ ಕೇಳಿಸತೊಡಗುವುದು ಬೇರೆ, ಹಕ್ಕಿ ಬರುವುದು ಬೇರೆ.

5. ಯಾರು, ಯಾವಾಗ, ಹೇಗೆ ಹೊರಡುತ್ತಾರೆ

ಹಗಲು ಉದ್ದವಾಗುತ್ತಿರುವುದನ್ನು ಹಕ್ಕಿಯ ದೇಹ ಗ್ರಹಿಸಿ ಹಾರ್ಮೋನುಗಳು ಬದಲಾಗುತ್ತವೆ. ಹಕ್ಕಿ ಹೆಚ್ಚು ತಿಂದು ಕೊಬ್ಬನ್ನು ಶೇಖರಿಸಿಕೊಳ್ಳುತ್ತದೆ. ಆ ಕೊಬ್ಬೇ ಪ್ರಯಾಣದ ಬುತ್ತಿ. ಹಾಗಾಗಿ ಹೊರಡುವ ಮುಂಚಿನ ವಾರಗಳಲ್ಲಿ ಹಕ್ಕಿಗಳು ಎಡೆಬಿಡದೆ ಮೇಯುತ್ತಿರುತ್ತವೆ, ಜನರ ಓಡಾಟವನ್ನೂ ಅಷ್ಟಾಗಿ ಲಕ್ಷಿಸುವುದಿಲ್ಲ. ನೋಡುವವರಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಬೇರಿಲ್ಲ.

ಎಲ್ಲರಿಗಿಂತ ಮೊದಲು ಹೊರಡುವವು ನೀರಹಕ್ಕಿಗಳು. ಸೂಜಿಬಾಲದ ಬಾತು, ಚಲುಕ ಬಾತುಗಳು ಮಾರ್ಚ್ ಮುಗಿಯುವುದರೊಳಗೆ ಬಹುಮಟ್ಟಿಗೆ ಖಾಲಿಯಾಗುತ್ತವೆ. ಬಿಳಿಹುಬ್ಬಿನ ಬಾತು ಏಪ್ರಿಲ್‌ವರೆಗೂ ಅಲ್ಲಲ್ಲಿ ಉಳಿದಿರುತ್ತದೆ. ಉದ್ಯಾನದ ಕೆರೆಗಳಲ್ಲಿ ಇವು ಸಿಗುವುದು ನೀರಿನ ಸ್ಥಿತಿಯನ್ನು ಅವಲಂಬಿಸಿದೆ. ಅಂತರಗಂಗೆ ಮುಚ್ಚಿದ ಕೆರೆಯಲ್ಲಿ ಬಾತುಗಳನ್ನು ನಿರೀಕ್ಷಿಸಬೇಡಿ. ಪಟ್ಟೆತಲೆ ಹೆಬ್ಬಾತನ್ನು ನೋಡಲೇಬೇಕೆಂದರೆ ಒಂದು ದಿನ ಬಿಡುವು ಮಾಡಿಕೊಂಡು ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಹೋಗಬೇಕು. 2024ರಲ್ಲಿ ರಾಮ್ಸಾರ್ ತಾಣವೆಂದು, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂದು, ಘೋಷಿತವಾದ ಈ ಕೆರೆಗೆ ಮಂಗೋಲಿಯಾ, ಟಿಬೆಟ್ಟಿನಂತಹ ಎತ್ತರದ ನಾಡುಗಳ ಈ ಹೆಬ್ಬಾತುಗಳು ಚಳಿಗಾಲ ಕಳೆಯಲು ಬರುತ್ತವೆ. ಮಾರ್ಚ್ ಮಧ್ಯದ ನಂತರ ಹೋದವರು ಬರಿಗೈಯಲ್ಲಿ ಮರಳುವ ಸಂಭವವೇ ಹೆಚ್ಚು. ಫೆಬ್ರುವರಿಯೇ ಸರಿಯಾದ ಕಾಲ.

ಉದ್ಯಾನದೊಳಗಿನ ದೊಡ್ಡ ದೃಶ್ಯವೆಂದರೆ ಗುಲಾಬಿ ಕಬ್ಬಕ್ಕಿಯದು. ಮಧ್ಯ ಏಷ್ಯಾದ ಹುಲ್ಲುಗಾವಲುಗಳಲ್ಲಿ ಮರಿ ಮಾಡುವ ಇದು ಚಳಿಗಾಲದಲ್ಲಿ ನಮ್ಮ ಬಿಳಿಜೋಳದ ಹೊಲಗಳಲ್ಲಿ ಹಿಂಡುಹಿಂಡಾಗಿ ಇಳಿಯುತ್ತದೆ. ರೈತರಿಗೆ ಇದರ ಮೇಲೆ ಅಷ್ಟೇನೂ ಪ್ರೀತಿಯಿಲ್ಲ. ಸುಗ್ಗಿ ಮುಗಿದ ಮೇಲೆ ಮುತ್ತುಗ, ಬೂರುಗ, ಹಾಲವಾಣದ ಹೂವುಗಳಿಗೂ ಅರಳಿ-ಆಲದ ಹಣ್ಣುಗಳಿಗೂ ಮುಗಿಬೀಳುತ್ತದೆ. ಚಳಿಗಾಲದಲ್ಲಿ ಮಾಸಲಾಗಿದ್ದ ಹಕ್ಕಿ ಮಾರ್ಚ್-ಏಪ್ರಿಲ್‌ನಲ್ಲಿ ಹೊಳೆಯುವ ಕರಿ ತಲೆ, ಗುಲಾಬಿ ಮೈಯಾಗಿ ಎದ್ದು ಕಾಣುತ್ತದೆ. ಇದು ಹೊಸ ಗರಿ ಮೂಡಿದ್ದರಿಂದ ಆದ ಬದಲಾವಣೆಯಲ್ಲ. ಗರಿಗಳ ತುದಿಯ ಮಾಸಲು ಅಂಚು ಸವೆದು ಒಳಗಿನ ಬಣ್ಣ ಹೊರಬೀಳುತ್ತದೆ. ವಾರವಾರವೂ ಅದೇ ಮರದಡಿ ನಿಂತು ನೋಡಿದರೆ ಈ ಬದಲಾವಣೆಯನ್ನು ಹಂತಹಂತವಾಗಿ ಗುರುತಿಸಬಹುದು. ಹಿಂಡನ್ನು ಎಣಿಸಲು ಮೊದಲು ಹತ್ತು ಹಕ್ಕಿಗಳನ್ನು ಎಣಿಸಿ, ಅವು ಎಷ್ಟು ಜಾಗ ಹಿಡಿದಿವೆ ಎಂದು ಗಮನಿಸಿ, ಅಂತಹ ಎಷ್ಟು ತುಂಡುಗಳು ಹಿಂಡಿನಲ್ಲಿವೆ ಎಂದು ಲೆಕ್ಕ ಹಾಕಿ. ಏಪ್ರಿಲ್ ಕಳೆಯುವುದರೊಳಗೆ ಇವು ಹೊರಟುಹೋಗುತ್ತವೆ.

ನೀರಿನ ಅಂಚಿನಲ್ಲಿ, ಹುಲ್ಲುಹಾಸಿನ ಮೇಲೆ ಬಾಲ ಕುಣಿಸುತ್ತ ಓಡಾಡುವವು ಸಿಪಿಲೆಗಳು. ಹಳದಿ ಸಿಪಿಲೆ ಹೊರಡುವ ಮೊದಲು ಕೆಲವು ಗರಿಗಳನ್ನು ಉದುರಿಸಿ ಹೊಸತನ್ನು ಪಡೆಯುತ್ತದೆ, ಅದರ ಹೊಟ್ಟೆಯ ಭಾಗ ಅರಿಸಿನದಂತೆ ಗಾಢವಾಗುತ್ತದೆ. ಬೂದು ಸಿಪಿಲೆಯ ಗಂಡಿಗೆ ಗಂಟಲು ಕಪ್ಪಾಗುತ್ತದೆ. ಇವೆರಡೂ ವಲಸಿಗರು, ಆದರೆ ಕಪ್ಪು-ಬಿಳುಪು ಮೈಯ, ಬಿಳಿ ಹುಬ್ಬಿನ ದೊಡ್ಡ ಸಿಪಿಲೆ ನಮ್ಮಲ್ಲಿಯೇ ಇರುವಂಥದ್ದು.

ತಂತಿಯ ಮೇಲೆ ಸಾಲಾಗಿ ಕೂತ ಕವಲುತೋಕೆಗಳಲ್ಲಿ ಗಂಟಲು ಕೆಂಗಂದಾಗಿ, ಎದೆಗೆ ಅಡ್ಡಲಾಗಿ ಕಪ್ಪು ಪಟ್ಟಿಯಿದ್ದರೆ ಅದು ವಲಸೆಯ ಕವಲುತೋಕೆ. ಆಕಾಶದಲ್ಲಿ ಅದೇ ಬಗೆಯಲ್ಲಿ ಹಾರುವ ಬಾನಾಡಿಗಳು ತಂತಿಯ ಮೇಲೆ ಕೂರುವುದೇ ಇಲ್ಲ. ಈ ಒಂದು ಗುರುತಿನಿಂದಲೇ ಅರ್ಧ ಗೊಂದಲ ಪರಿಹಾರವಾಗುತ್ತದೆ. ಕಾಜಾಣಗಳಲ್ಲಿಯೂ ಹೀಗೆಯೇ. ತಂತಿಯ ಮೇಲೆ, ದನದ ಬೆನ್ನಿನ ಮೇಲೆ ಕೂರುವ ಅಚ್ಚಗಪ್ಪಿನದು ಊರಿನದು. ಮರದ ನೆತ್ತಿಯಲ್ಲಿ ಕೂರುವ, ಬೂದು ಛಾಯೆಯ ಮೈ ಮತ್ತು ಕೆಂಡಗಣ್ಣಿನ ಬೂದು ಕಾಜಾಣ ಚಳಿಗಾಲದ ಅತಿಥಿ. ಮುಳ್ಳುಕಂಟಿಯ ತುದಿಯಲ್ಲಿ ಕಣ್ಣಿಗೆ ಕಪ್ಪುಪಟ್ಟಿ ಕಟ್ಟಿದಂತೆ ಕಾಣುವ ಕಂದು ಕಳಿಂಗ ಸೈಬೀರಿಯಾ, ಮಂಗೋಲಿಯಾದ ಕಡೆಯದು.

ಎಲ್ಲಕ್ಕಿಂತ ಕಷ್ಟದ್ದು ಉಲಿಯಕ್ಕಿಗಳು. ಗುಬ್ಬಿಗಿಂತ ಚಿಕ್ಕ, ಮಂಕು ಬಣ್ಣದ, ಕ್ಷಣವೂ ನಿಲ್ಲದ ಈ ಹಕ್ಕಿಗಳನ್ನು ನೋಡಿ ಗುರುತಿಸಲು ಹೊರಟವರು ಸೋತು ಹವ್ಯಾಸವನ್ನೇ ಬಿಟ್ಟದ್ದುಂಟು. ಕಿವಿಯಿಂದ ಆರಂಭಿಸಿ. ಕೆಳಪೊದೆಯೊಳಗಿನಿಂದ ಕಲ್ಲಿಗೆ ಕಲ್ಲು ತಾಗಿಸಿದಂತೆ ‘ಚಕ್... ಚಕ್’ ಎಂಬ ಒಣ ದನಿ ಬಂದರೆ ಅದು ಬಹುತೇಕ ಬ್ಲಿತ್ಸ್ ಜೊಂಡು ಉಲಿಯಕ್ಕಿ. ಎತ್ತರದ ಎಲೆಗಳ ನಡುವಿನಿಂದ ‘ಚಿಸ್ವೀ’ ಎಂಬ ಚೂಪು ಕರೆ ಬಂದರೆ ಹಸಿರು ಉಲಿಯಕ್ಕಿ. ಇವು ಚಳಿಗಾಲವಿಡೀ ತಮ್ಮದೊಂದು ನೆಲೆಯನ್ನು ಕಾಯ್ದುಕೊಂಡಿರುವುದರಿಂದ ಹೋದ ವಾರ ಕೇಳಿದ ಪೊದೆಯಲ್ಲಿಯೇ ಈ ವಾರವೂ ಕೇಳುತ್ತದೆ. ಹೊರಡುವ ಮುನ್ನ ಕರೆಯಷ್ಟೇ ಅಲ್ಲ, ಹಾಡನ್ನೂ ಹಾಡತೊಡಗುತ್ತವೆ. ಏಪ್ರಿಲ್ ಕೊನೆಗೋ ಮೇ ಮೊದಲಿಗೋ ಒಂದು ಬೆಳಗ್ಗೆ ಆ ಪೊದೆ ಸುಮ್ಮನಿರುತ್ತದೆ. ಇಂತಹ ಚಿಕ್ಕ ಹಕ್ಕಿಗಳು ಹೆಚ್ಚಾಗಿ ರಾತ್ರಿ ಪಯಣಿಸುವುದರಿಂದ ಅವು ಹೊರಡುವುದನ್ನು ಯಾರೂ ಕಾಣುವುದಿಲ್ಲ. ಕಬ್ಬಕ್ಕಿ, ಕವಲುತೋಕೆಗಳು ಹಗಲಿನ ಪಯಣಿಗರು.

ಇನ್ನೊಂದು ಹಕ್ಕಿಗೆ ಏಪ್ರಿಲ್-ಮೇ ತಿಂಗಳಲ್ಲಿ ಎಚ್ಚರವಾಗಿರಿ: ನವರಂಗ. ದಕ್ಷಿಣದಲ್ಲಿ ಚಳಿಗಾಲ ಕಳೆದು ಮಧ್ಯ ಭಾರತ ಮತ್ತು ಹಿಮಾಲಯದ ತಪ್ಪಲಿನ ಕಡೆಗೆ ಸಾಗುವ ಇದು ದಾರಿಯಲ್ಲಿ ನಗರಗಳ ಉದ್ಯಾನಗಳಲ್ಲಿಯೂ ಇಳಿಯುತ್ತದೆ. ತರಗೆಲೆಯ ನೆಲ ಇದಕ್ಕೆ ಬೇಕು. ಬಳಲಿ, ಕಿಟಕಿಯ ಗಾಜಿಗೆ ಬಡಿದು ಬಿದ್ದ ಹಕ್ಕಿ ಸಿಕ್ಕರೆ ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲಲ್ಲಿ ಇರಿಸಿ, ಬಾಯಿಗೆ ನೀರು ಹನಿಸದೆ, ಅರಣ್ಯ ಇಲಾಖೆಗೆ ತಿಳಿಸಿ. ಮನೆಯಲ್ಲಿ ಇಟ್ಟುಕೊಂಡು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ.

6. ಮಾಡಬಾರದ ಕೆಲಸಗಳು

ಮೊಬೈಲಿನಲ್ಲಿ ಹಕ್ಕಿಯ ದನಿಯನ್ನು ನುಡಿಸಿ ಅದನ್ನು ಹೊರಗೆ ಕರೆಯಬೇಡಿ. ತನ್ನ ನೆಲೆಗೆ ಎದುರಾಳಿ ಬಂದಿದ್ದಾನೆಂದು ಹಕ್ಕಿ ಮೇವು ಬಿಟ್ಟು ಓಡಿಬರುತ್ತದೆ. ಪ್ರಯಾಣಕ್ಕೆ ಕೂಡಿಸುತ್ತಿರುವ ಶಕ್ತಿ ನಿಮ್ಮ ಒಂದು ಚಿತ್ರಕ್ಕಾಗಿ ವ್ಯಯವಾಗುತ್ತದೆ. ಇದೇ ತಿಂಗಳುಗಳಲ್ಲಿ ಊರ ಹಕ್ಕಿಗಳು ಗೂಡು ಕಟ್ಟುವುದರಿಂದ ಗೂಡಿನ ಬಳಿ ನಿಲ್ಲುವುದು, ಕೊಂಬೆ ಸರಿಸುವುದು, ಗೂಡಿನ ಜಾಗವನ್ನು ವಾಟ್ಸ್ಆ್ಯಪ್‌ನಲ್ಲಿ ಹಂಚುವುದು ಬೇಡ. ಮೆರ್ಲಿನ್‌ನಂತಹ ಆ್ಯಪ್‌ಗಳು ದನಿ ಕೇಳಿ ಹಕ್ಕಿಯ ಹೆಸರು ಹೇಳುತ್ತವೆ. ಅದನ್ನು ಸುಳಿವೆಂದು ಮಾತ್ರ ತೆಗೆದುಕೊಂಡು, ಕಣ್ಣಾರೆ ನೋಡಿದ ಮೇಲೆ ಅಥವಾ ದನಿ ನಿಮಗೇ ಖಚಿತವಾದ ಮೇಲೆ ಬರೆದುಕೊಳ್ಳಿ. ಕಾಜಾಣವೂ ಎಲೆಹಕ್ಕಿಯೂ ಬೇರೆ ಹಕ್ಕಿಗಳ ದನಿಯನ್ನು ಅನುಕರಿಸುವುದರಲ್ಲಿ ನಿಪುಣವಾದವು, ಆ್ಯಪ್ ಅವುಗಳಿಗೆ ಸುಲಭವಾಗಿ ಮೋಸಹೋಗುತ್ತದೆ.

7. ಬರೆದಿಡುವುದು

ಪ್ರತಿ ಭೇಟಿಗೂ ದಿನಾಂಕ, ಆರಂಭದ ಮತ್ತು ಮುಕ್ತಾಯದ ವೇಳೆ, ನಡೆದ ದೂರ, ಮೋಡ-ಗಾಳಿಯ ಸ್ಥಿತಿ, ಹಕ್ಕಿಗಳ ಹೆಸರು ಮತ್ತು ಸಂಖ್ಯೆ ಇಷ್ಟನ್ನು ಬರೆಯಿರಿ. ಇದರ ಜೊತೆಗೆ ಹೊತ್ತಿಗೆಯ ಕೊನೆಯ ಪುಟದಲ್ಲಿ ನೀವು ಗುರುತಿಸಿದ ವಲಸೆ ಹಕ್ಕಿಗಳ ಹೆಸರುಗಳನ್ನು ಒಂದರ ಕೆಳಗೊಂದು ಬರೆದು, ಎದುರಿಗೆ ವಾರಗಳ ಮನೆಗಳನ್ನು ಎಳೆದುಕೊಳ್ಳಿ. ಕಂಡರೆ ಸಂಖ್ಯೆ, ಕಾಣದಿದ್ದರೆ ಸೊನ್ನೆ. ಮನೆಯನ್ನು ಖಾಲಿ ಬಿಡಬಾರದು. ಖಾಲಿ ಮನೆ ನೀವು ಆ ವಾರ ಹೋಗಲಿಲ್ಲ ಎಂಬುದನ್ನಷ್ಟೇ ಹೇಳುತ್ತದೆ, ಸೊನ್ನೆಯು ನೀವು ಹೋಗಿ ಹುಡುಕಿದರೂ ಹಕ್ಕಿ ಇರಲಿಲ್ಲ ಎಂಬುದನ್ನು ಹೇಳುತ್ತದೆ. ಒಂದು ವಾರದ ಸೊನ್ನೆಯಿಂದ ಹಕ್ಕಿ ಹೋಯಿತೆಂದು ತೀರ್ಮಾನಿಸಬೇಡಿ. ಸತತವಾಗಿ ಮೂರು ವಾರ ಸೊನ್ನೆ ಬಂದರೆ ಅದಕ್ಕೂ ಮೊದಲು ಕಂಡ ದಿನವನ್ನು ಆ ವರ್ಷದ ಕೊನೆಯ ದರ್ಶನವೆಂದು ಗುರುತಿಸಬಹುದು.

ಈ ದಾಖಲೆಯನ್ನು ಇ-ಬರ್ಡ್ ಎಂಬ ಅಂತರ್ಜಾಲ ತಾಣಕ್ಕೋ ಅದರ ಆ್ಯಪ್‌ಗೋ ಸೇರಿಸಿದರೆ ಸಂಶೋಧಕರಿಗೂ ಉಪಯೋಗವಾಗುತ್ತದೆ. ಅಮೆರಿಕದ ಕಾರ್ನೆಲ್ ಪಕ್ಷಿ ಪ್ರಯೋಗಾಲಯ 2002ರಲ್ಲಿ ಆರಂಭಿಸಿದ ಇದರಲ್ಲಿ ಶುಲ್ಕವಿಲ್ಲದೆ ಖಾತೆ ತೆರೆಯಬಹುದು. ನಕ್ಷೆಯಲ್ಲಿ ನಿಮ್ಮ ಉದ್ಯಾನಕ್ಕೆ ಮೊದಲೇ ಹೆಸರಿಟ್ಟ ಹಾಟ್‌ಸ್ಪಾಟ್, ಅಂದರೆ ಎಲ್ಲರೂ ಸೇರಿ ಬಳಸುವ ವೀಕ್ಷಣಾ ತಾಣ, ಇದ್ದರೆ ಅದನ್ನೇ ಆರಿಸಿ. ಪಟ್ಟಿಯನ್ನು ಕಳುಹಿಸುವಾಗ, ಗುರುತಿಸಲು ಸಾಧ್ಯವಾದ ಎಲ್ಲ ಹಕ್ಕಿಗಳನ್ನೂ ಸೇರಿಸಿದ್ದೀರಾ ಎಂಬ ಪ್ರಶ್ನೆ ಬರುತ್ತದೆ. ಕಾಗೆ, ಪಾರಿವಾಳಗಳನ್ನೂ ಬಿಡದೆ ಸೇರಿಸಿದ್ದರೆ ಮಾತ್ರ ಹೌದು ಎನ್ನಿ. ಇದನ್ನು ಪೂರ್ಣ ಪಟ್ಟಿ ಎನ್ನುತ್ತಾರೆ. ಪೂರ್ಣ ಪಟ್ಟಿಯಲ್ಲಿ ಇಲ್ಲದ ಹಕ್ಕಿ ಅಂದು ಆ ಜಾಗದಲ್ಲಿ ಕಾಣಲಿಲ್ಲ ಎಂದು ಲೆಕ್ಕ ಹಿಡಿಯುವುದರಿಂದ, ನಿಮ್ಮ ಹೊತ್ತಿಗೆಯ ಸೊನ್ನೆಗಳು ಅಲ್ಲಿಗೂ ತಲಪುವುದು ಈ ಒಂದು ಉತ್ತರದ ಮೂಲಕವೇ. ಸಂಖ್ಯೆ ಎಣಿಸಲಾಗದಿದ್ದಾಗ ಎಕ್ಸ್ ಗುರುತು ಹಾಕಲು ಅವಕಾಶವಿದೆ, ಆದರೆ ಅಂದಾಜಿನ ಸಂಖ್ಯೆಯೇ ಅದಕ್ಕಿಂತ ಮೇಲು. ಮನೆಗೆ ಮರಳಿ ನೆನಪಿನಿಂದ ತುಂಬಿದ ಪಟ್ಟಿಯಲ್ಲಿ ಸಾಮಾನ್ಯ ಹಕ್ಕಿಗಳೇ ಬಿಟ್ಟುಹೋಗುವುದರಿಂದ ಉದ್ಯಾನದ ಬಾಗಿಲು ದಾಟುವ ಮೊದಲೇ ಪಟ್ಟಿಯನ್ನು ಮುಗಿಸಿ ಕಳುಹಿಸಿ.